ಲಿನಕ್ಸ್‌ಗೆ ಹೌದು, ವಿಂಡೋಸ್‌ಗೆ ಬೇಡ

ಶಿವಮೊಗ್ಗದ ನಮ್ಮ ಗೆಳೆಯರ ಗುಂಪಿಗೆ ಕಂಪ್ಯೂಟರ್ ನಡೆಸುವ ಪುಕ್ಕಟೆ ತಂತ್ರಾಂಶ ಲಿನಕ್ಸ್ ಎಂದರೆ ಪ್ರಾಣ. ವಿಂಡೋಸ್ ಎಂದರೆ ಮೂಗು ಮುರಿಯುತ್ತೇವೆ. ಹೊಟ್ಟೆಪಾಡಿಗೆ ಆಫೀಸಿನಲ್ಲಿ ದಿನವಿಡೀ ಅದರ ಮುಂದೆಯೇ ಕೂರುತ್ತೇವೆ ಎನ್ನುವುದು ಬೇರೆ ಮಾತು.

ಗೇಮ್ ಮಾರುವ ಆನ್‌ಲೈನ್ ಅಂಗಡಿಯೊಂದು ಆಗಾಗ ನಮ್ಮನ್ನು ಕೇಳುತ್ತದೆ, ನಿಮ್ಮ ಕಂಪ್ಯೂಟರಿನಲ್ಲಿ ಏನೇನಿದೆ ಎಂದು ನೋಡಿಕೊಳ್ಳಬಹುದೇ ಅಂತ. ಒಪ್ಪುವುದು ಬಿಡುವುದು ನಮ್ಮಿಷ್ಟ. ಒಪ್ಪಿದವರನ್ನು ಎಣಿಸಿ, ಯಾವ ಆಪರೇಟಿಂಗ್ ಸಿಸ್ಟಮ್ ಎಷ್ಟು ಜನರಲ್ಲಿದೆ ಎಂದು ಪ್ರತಿ ತಿಂಗಳು ಪ್ರಕಟಿಸುತ್ತಾರೆ. ನಮ್ಮಲ್ಲೊಂದು ಪದ್ಧತಿ ಬೆಳೆದಿತ್ತು. ಲಿನಕ್ಸ್‌ನಲ್ಲಿ ಕೇಳಿದರೆ ಹೌದು, ಮಕ್ಕಳ ವಿಂಡೋಸ್ ಕಂಪ್ಯೂಟರಿನಲ್ಲಿ ಕೇಳಿದರೆ ಬೇಡ. ಲಿನಕ್ಸ್ ಕೂದಲೆಳೆಯಷ್ಟು ಏರಿದರೂ ಗಾಂಧಿ ಬಜಾರಿನ ಹತ್ತಿರ ಸೇರಿ ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಿದ್ದೆವು. ತಕ್ಕಡಿಯನ್ನು ನಾವೇ ಅದುಮಿ, ತೂಕ ಬಂತೆಂದು ಕುಣಿಯುತ್ತಿದ್ದೆವು.

ನನ್ನ ತಂಗಿ ಭದ್ರಾವತಿಯಲ್ಲಿ ಮನೆಯ ಮುಂದಿನ ಕೋಣೆಯಲ್ಲೇ ಕಂಪ್ಯೂಟರ್ ಕ್ಲಾಸ್ ನಡೆಸುತ್ತಾಳೆ. ಅಡಿಕೆ ಮಂಡಿ, ಬಟ್ಟೆ ಅಂಗಡಿಗಳಲ್ಲಿ ಬಿಲ್ಲಿಂಗ್ ಕೆಲಸ ಹಿಡಿಯಬೇಕೆನ್ನುವ ಹೆಣ್ಣುಮಕ್ಕಳು ಅಲ್ಲಿಗೆ ಬರುತ್ತಾರೆ. ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಹಾಕಿಬಿಡು ಎಂದು ನಾನು ಅವಳ ತಲೆ ತಿಂದೆ.

"ಅಣ್ಣ, ನಿಜ ಹೇಳು, ಈಗ ಜನ ಇದನ್ನ ಬಳಸ್ತಾರಾ?" ಎಂದಳು.

ಫೋನಿನಲ್ಲಿ ಆ ಗೇಮ್ ಅಂಗಡಿಯ ಸಮೀಕ್ಷೆಯ ಗ್ರಾಫಿನ ಗೆರೆ ತೋರಿಸಿದೆ. "ಹೆಂಗೆ ಏರ್ತಾ ಇದೆ ನೋಡು ಮಾರಾಯ್ತಿ. ನಾಳೆ ಮಂಡಿಯೋರೂ ಇದಕ್ಕೇ ಬರ್ತಾರೆ."

ಅವಳು ನಂಬಿದಳು. ನಾನೇ ಕೂತು ಎಲ್ಲವನ್ನೂ ಬದಲಿಸಿಕೊಟ್ಟೆ.

ಕೆಲವು ತಿಂಗಳ ಮೇಲೆ, ಅವಳಲ್ಲಿ ಕಲಿತ ಹೊಳೆಹೊನ್ನೂರಿನ ಹುಡುಗಿಯೊಬ್ಬಳು ಮಂಡಿಯಲ್ಲಿ ಕೆಲಸ ಕೇಳಲು ಹೋಗಿ ಸಪ್ಪೆ ಮುಖದಲ್ಲಿ ಹಿಂತಿರುಗಿದಳು. "ಮೇಡಂ, ನೀವು ಕಲಿಸಿದ್ದು ಅಲ್ಲಿ ಯಾವ ಕಂಪ್ಯೂಟರಲ್ಲೂ ಇಲ್ಲ" ಎಂದಳಂತೆ. ಸುದ್ದಿ ಹಬ್ಬಿತು. ಒಬ್ಬೊಬ್ಬರೇ ಬೇರೆ ಕ್ಲಾಸಿಗೆ ಹೋದರು. ತಂಗಿ ಕಷ್ಟಪಟ್ಟು ಕಟ್ಟಿದ್ದ ಕ್ಲಾಸು ಮುಚ್ಚುವ ಸ್ಥಿತಿಗೆ ಬಂತು.

ಭಾನುವಾರ ಹೋಗಿ ಮತ್ತೆ ವಿಂಡೋಸ್ ಹಾಕಲು ಕುಳಿತೆ. ಮಂಡಿಯ ಗುಮಾಸ್ತರು ಕೆಲಸದ ಕಂಪ್ಯೂಟರಿನಲ್ಲಿ ಗೇಮ್ ಆಡುವುದಿಲ್ಲ; ಆ ಸಮೀಕ್ಷೆ ಅವರನ್ನು ಒಮ್ಮೆಯೂ ಕೇಳಿರಲಿಕ್ಕಿಲ್ಲ. ಅದು ಕೇಳಿದ ಜನರಲ್ಲೂ ಬೇಕೆಂದವರು ಮಾತ್ರ ಉತ್ತರ ಕೊಟ್ಟಿದ್ದರು, ನಮ್ಮಂಥವರು. ಇದು ನನಗೆ ಹೊಸದಾಗಿ ಹೊಳೆದದ್ದಲ್ಲ. ಗೆರೆ ತೋರಿಸುವಾಗಲೂ ಗೊತ್ತಿತ್ತು. ನಾಚಿಕೆಯಿಂದ ಖಾಲಿ ಕುರ್ಚಿಗಳ ಕಡೆ ತಲೆಯೆತ್ತಿ ನೋಡಲಾಗಲಿಲ್ಲ.

ಅಷ್ಟರಲ್ಲಿ ತಂಗಿಯ ಗಂಡ ಒಳಗೆ ಬಂದ. "ಚೆನ್ನಾಗಿದ್ದದ್ದನ್ನ ತೆಗೆದು ಆ ಲಿನಕ್ಸ್ ಹಾಕು ಅಂತ ಯಾರು ಹೇಳಿದ್ರು ನಿಂಗೆ?" ಎಂದು ಅವಳನ್ನು ಕೇಳಿದ.

ಕಾಫಿ ತರುತ್ತಿದ್ದ ತಂಗಿ ಬಾಗಿಲಲ್ಲೇ ನಿಂತಳು. "ಯಾರೂ ಹೇಳ್ಲಿಲ್ಲ ರೀ. ಅಣ್ಣ ಬೇಡ ಅಂತಾನೇ ಅಂದಿದ್ದ. ನಂದೇ ಹಠ."

ಅವನು ನನ್ನತ್ತ ತಿರುಗಿದ. "ನೀವಾದ್ರೂ ಸ್ವಲ್ಪ ಗಟ್ಟಿಯಾಗಿ ಹೇಳ್ಬೇಕಿತ್ತು ಭಾವ."

"ಹೌದು, ಹೇಳ್ಬೇಕಿತ್ತು" ಎಂದೆ.

ತಂಗಿ ಮೊದಲ ಲೋಟ ನನಗೇ ಕೊಟ್ಟಳು.