ತುತ್ತಮ್ಮನ ಮೊದಲ ಪಂಕ್ತಿ

ಬೀದಿದೀಪ ಇನ್ನೂ ಆರಿಲ್ಲ. ಬಟ್ಟೆ ಕಾರ್ಖಾನೆಯ ಹಿಂಬದಿಯ ಶಿಶುಪಾಲನಾ ಕೋಣೆಯಲ್ಲಿ ಕುಕ್ಕರ್ ಆಗಲೇ ಕೂಗಿದೆ. ಬೆಂದ ಕುಂಬಳಕಾಯಿಯನ್ನು ಚಮಚದ ಬೆನ್ನಿನಿಂದ ಹಿಸುಕುತ್ತಿರುವ ಹೆಂಗಸು ಒಂದಿಷ್ಟನ್ನು ಮಣಿಕಟ್ಟಿನ ಮೇಲಿಟ್ಟು ಬಿಸಿ ನೋಡುತ್ತಾರೆ. ಆಮೇಲೆ ಬೆರಳಲ್ಲಿ ತಡಕಿ, ಸಿಕ್ಕ ನಾರೊಂದನ್ನು ಎತ್ತಿ ಹಾಕುತ್ತಾರೆ.

ಇವರ ಒಂದು ದಿನವನ್ನು ನೋಡಿ ಬರೆಯಲು ನಾನು ಬಂದಿದ್ದೇನೆ. ಇಲ್ಲಿ ಎಲ್ಲರಿಗೂ ಇವರು ತುತ್ತಮ್ಮ. ಹೊಲಿಗೆ ಯಂತ್ರದ ಮುಂದೆ ವರ್ಷಗಟ್ಟಲೆ ಕೂತು, ಬೆನ್ನು ಕೈಕೊಟ್ಟ ಮೇಲೆ ಈ ಕೋಣೆಗೆ ಬಂದವರು. ಎದೆಹಾಲಿನ ಜೊತೆಗೆ ಊಟ ಕಲಿಯಬೇಕಾದ ಕೂಸುಗಳೆಲ್ಲ ಇವರ ಪಾಲಿಗೆ. ದಿನಕ್ಕೆ ಹನ್ನೆರಡು ಬಟ್ಟಲು. ಒರೆಸಬೇಕಾದ ಮೂತಿಗಳಿಗೆ ಲೆಕ್ಕವಿಲ್ಲ.

ಇವತ್ತು ಎಲ್ಲರ ಕಣ್ಣು ಎಂಟು ತಿಂಗಳ ಒಬ್ಬನ ಮೇಲೆ. ಒಂದು ವಾರದಿಂದ ಅವನು ತುಟಿ ಬಿಗಿದೇ ಕೂತಿದ್ದಾನೆ. ತೂಕ ಏರಿಲ್ಲ. ಕಾಲರ್ ಹೊಲಿಯುವ ಅವನ ತಾಯಿ ಬಾಗಿಲಲ್ಲೇ ನಿಂತಿದ್ದಾಳೆ.

"ಇವತ್ತೂ ತಿನ್ಲಿಲ್ಲ ಅಂದ್ರೆ ಕೆಲಸ ಬಿಡ್ತೀನಿ ಅಕ್ಕ."

"ಕೆಲಸ ಆಮೇಲೆ ಬಿಡುವಂತೆ. ಮೊದ್ಲು ಬಾಗಿಲು ಬಿಡು. ನಿನ್ನ ಮುಖ ಕಂಡ್ರೆ ಅವ್ನಿಗೆ ಹಾಲೇ ನೆನಪಾಗೋದು."

ತಾಯಿ ಬಾಗಿಲು ಎಳೆದುಕೊಳ್ಳುತ್ತಾಳೆ. ತುತ್ತಮ್ಮ ಚಮಚ ಒಯ್ದರೆ ಅವನ ಮುಖ ಆ ಕಡೆ. ಕಣ್ಣು ಮಾತ್ರ ಪಕ್ಕದ ಗುಂಡನ ಮೇಲೆ. ಗುಂಡನಿಗೆ ವರ್ಷ ತುಂಬಿದೆ; ಊಟ ಅಂದರೆ ಹುಬ್ಬಿನವರೆಗೂ ಊಟ. ತುತ್ತಮ್ಮ ಹಣೆ ಚಚ್ಚಿಕೊಳ್ಳುತ್ತಾರೆ.

"ಅಯ್ಯೋ, ಇಷ್ಟು ದಿನ ನನ್ನ ಮುಸುಡಿ ಮುಂದೆ ಕೂರಿಸಿದ್ನಲ್ಲ! ಇದನ್ನ ನೋಡ್ತಾ ಯಾರಿಗೆ ಹಸಿವಾಗ್ಬೇಕು?"

ಕುರ್ಚಿ ತಿರುಗುತ್ತದೆ. ಇಬ್ಬರೂ ಎದುರುಬದುರು. ಗುಂಡ ಚಪ್ಪರಿಸುತ್ತಾನೆ. ನೋಡನೋಡುತ್ತ ಇವನ ತುಟಿ ತಾನಾಗಿಯೇ ಸಡಿಲವಾಗುತ್ತದೆ, ಚಮಚ ಒಳಗೆ ಹೋಗುತ್ತದೆ. ಅರ್ಧ ಗಲ್ಲಕ್ಕೆ ಇಳಿಯುತ್ತದೆ. ಉಳಿದರ್ಧ? ನಾನೂ ಉಸಿರು ಹಿಡಿದು ಕಾಯುತ್ತೇನೆ. ಗಂಟಲು ಅಲುಗುತ್ತದೆ. ಮತ್ತೆ ಬಾಯಿ ತೆರೆಯುತ್ತಾನೆ!

"ನುಂಗ್ದ!" ಬಾಗಿಲ ಸಂದಿನಿಂದ ಕೂಗು. ತಾಯಿ ಹೋಗಿರಲೇ ಇಲ್ಲ. ಆ ದನಿಗೆ ಮಗ ತಿರುಗಿ 'ಓ' ಎಂದು ರಾಗ ತೆಗೆಯುತ್ತಾನೆ. ಗಲಾಟೆಯಲ್ಲಿ ಗುಂಡ ಇವನ ಬಟ್ಟಲಿಗೂ ಕೈ ಹಾಕುತ್ತಾನೆ.

"ಹೋಗೇ ತಾಯಿ, ಮಿಷನ್ ಕಾಯ್ತಿದೆ! ನಾಳೆನೂ ಬರ್ಬೇಕು ನೀನು, ಕೆಲಸ ಬಿಡೋ ಮಾತು ಎತ್ಬೇಡ!" ತುತ್ತಮ್ಮ ಗದರುತ್ತಾರೆ, ನಗು ಮಾತ್ರ ತಡೆಯಲಾಗುತ್ತಿಲ್ಲ.

ಅಳು ಅಡಗಿ, ಬಟ್ಟಲು ಖಾಲಿಯಾದ ಮೇಲೆ ನಿಮಗೇನು ಬೇಕು ಎಂದು ಕೇಳುತ್ತೇನೆ. ಅವರು ಬಾಗಿಲು ತೋರಿಸುತ್ತಾರೆ.

"ಕಾರ್ಖಾನೆಯೋರು ಅದಕ್ಕೊಂದು ಕಿಂಡಿ ಮಾಡ್ಸಿಕೊಡ್ಲಿ, ದೊಡ್ಡೋರ ಕಣ್ಣೆತ್ತರಕ್ಕೆ, ಕೂಸಿಗೆ ಕಾಣದ ಹಾಗೆ. ಮಕ್ಕಳ ಮೊದಲ ತುತ್ತನ್ನ ಯಾವಾಗ್ಲೂ ನಾನೊಬ್ಳೇ ನೋಡ್ತೀನಿ. ಹೆತ್ತೋಳಿಗೂ ಕಾಣ್ಬೇಕಲ್ವಾ?"