ಸಾಕ್ಷಿಯ ಜಾಗದಲ್ಲಿ ನನ್ನ ಸಹಿ

ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ. ಚನ್ನಪಟ್ಟಣದ ಅಂಚಿನ ಹಿಪ್ಪುನೇರಳೆ ತೋಟಗಳೆಲ್ಲ ಸೈಟುಗಳಾಗುತ್ತಿದ್ದವು. ಅಂಥದೊಂದು ಸೈಟನ್ನು ನಾವೂ ಕೊಂಡೆವು. ನನ್ನ ಗಂಡ ಬಿಡದಿಯ ಕಾರ್ಖಾನೆಯಲ್ಲಿ ದುಡಿದದ್ದನ್ನು ಹಾಕಿದರು. ನಾನು ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚಿ ಕೂಡಿಟ್ಟದ್ದನ್ನೂ, ತವರಿನವರು ಹಾಕಿದ್ದ ಎರಡೆಳೆ ಸರ ಮಾರಿದ ದುಡ್ಡನ್ನೂ ಹಾಕಿದೆ.

ರಿಜಿಸ್ಟ್ರೇಷನ್ ದಿನ ಪತ್ರ ಬರೆಯುವವನು, "ಯಾರ್ ಹೆಸ್ರಿಗೆ ಬರೀಲಿ?" ಅಂದ. ನಾನು ಬಾಯಿ ತೆರೆಯುವ ಮೊದಲೇ ನಮ್ಮ ಮಾವ, "ನನ್ ಮಗನ ಹೆಸ್ರಿಗೆ ಬರಿಯಪ್ಪ. ಹೆಂಡ್ತಿ ಎಲ್ಲೋಯ್ತಾಳೆ?" ಅಂದುಬಿಟ್ಟರು. ಬರಬೇಕಾಗಿದ್ದ ಸಾಕ್ಷಿಯೊಬ್ಬ ಬಂದಿರಲಿಲ್ಲ. "ಅಕ್ಕಾ, ನೀವೇ ಇಲ್ಲೊಂದು ಸೈನ್ ಹಾಕ್ಬುಡಿ" ಎಂದು ಬರೆಯುವವನು ಕಾಗದ ನನ್ನ ಕಡೆ ತಿರುಗಿಸಿದ. ಮೇಲೇನು ಬರೆದಿದೆ ಎಂದು ಓದಲಿಲ್ಲ, ಗುಂಡಗೆ ಸಹಿ ಹಾಕಿದೆ. ಸೈಟು ಇಬ್ಬರದೂ ಆಯಿತು ಅಂದುಕೊಂಡೆ. ಅದರಲ್ಲಿ ಮನೆ ಕಟ್ಟಿದೆವು. ಗೃಹಪ್ರವೇಶಕ್ಕೆ ಬಂದವರಿಗೆಲ್ಲ, "ಪತ್ರದಲ್ಲಿ ನಂದೂ ಸೈನ್ ಐತೆ" ಎಂದು ಹೇಳಿದ್ದೇ ಹೇಳಿದ್ದು. ಎಂಥಾ ಪೆದ್ದಿ ನಾನು!

ಮೂರೇ ವರ್ಷಕ್ಕೆ ಇವರಿಗೆ ಆ ಮನೆ ಮಾರಿ, ಬಿಡದಿಯಲ್ಲಿ ಬಾಡಿಗೆಗಿದ್ದು, ಬೇರೆ ಸೈಟುಗಳನ್ನು ಹಿಡಿಯುವ ಹುಚ್ಚು ಹತ್ತಿತು. "ನಾನು ಸೈನ್ ಹಾಕಕಿಲ್ಲ" ಅಂದೆ.

ಅವರು ನಕ್ಕರು. "ನಿನ್ ಸೈನ್ ಯಾರ್ ಕೇಳುದ್ರು?"

ಆ ನಗು ನನ್ನನ್ನು ಕೂತಲ್ಲಿ ಕೂರಗೊಡಲಿಲ್ಲ. ಗುಡಿಸಿದಲ್ಲೇ ಮತ್ತೆ ಗುಡಿಸಿದೆ, ಒಲೆಯ ಮೇಲೆ ಹಾಲು ಮರೆತು ಉಕ್ಕಿಸಿದೆ. ಮಾರನೇ ದಿನ ಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿಕೊಂಡು ರಾಮನಗರದ ಬಸ್ಸು ಹತ್ತಿದೆ. ಕೋರ್ಟಿನ ಎದುರಿನ ಲಾಯರಮ್ಮ ಪತ್ರವನ್ನು ಎರಡು ಸಲ ಓದಿದರು.

"ನೀವಿಲ್ಲಿ ಸಾಕ್ಷಿ ಅಷ್ಟೇ ಕಣಮ್ಮ. ಅವರು ಕೊಂಡಿದ್ದನ್ನ ನೋಡಿದ್ದೀನಿ ಅಂತ ಸಹಿ ಹಾಕಿದ್ದೀರಿ."

ಮದುವೆಯಾದ ಮಾತ್ರಕ್ಕೆ ಗಂಡ ಕೊಂಡ ಮನೆಯಲ್ಲಿ ಹೆಂಡತಿಗೆ ಪಾಲು ಬರುವುದಿಲ್ಲವಂತೆ. ಕೊಂಡವರು ಎಂದು ಪತ್ರದಲ್ಲಿ ಯಾರ ಹೆಸರಿದೆಯೋ ಮನೆ ಅವರದು. ಸರ ಮಾರಿದ್ದನ್ನು ರುಜುವಾತು ಮಾಡಲು ಹೋದರೆ ಕೋರ್ಟು ಅಲೆದು ಚಪ್ಪಲಿ ಸವೆಯುತ್ತದಂತೆ. "ಯಜಮಾನ್ರೇ ಮನಸ್ಸು ಮಾಡಿ ಅರ್ಧ ಮನೆ ನಿಮಗೆ ದಾನಪತ್ರ ಮಾಡಿಕೊಟ್ರೆ ಸರಿಹೋಗುತ್ತೆ. ಆಮೇಲೆ ನೀವು ಒಪ್ಪದೆ ಇಡೀ ಮನೆ ಮಾರೋಕಾಗಲ್ಲ" ಅಂದರು.

ಮನೆಗೆ ಬಂದವಳೇ ಇವರಿಗೆ ಎಲ್ಲ ಹೇಳಿ, ಅರ್ಧ ಮನೆ ನನ್ನ ಹೆಸರಿಗೆ ಬರೆದುಕೊಡಿ ಅಂದೆ. "ನನ್ ಮೇಲೆ ನಂಬ್ಕೆ ಇಲ್ವಾ?" ಅಂದರು.

"ನಂಬ್ಕೆ ಇದ್ದುದ್ಕೇ ಓದ್ದೆ ಸೈನ್ ಹಾಕಿದ್ದು."

ಒಂದು ವಾರ ತಟ್ಟೆಗೆ ಮುದ್ದೆ ಹಾಕಿದೆ, ಮಾತಾಡಲಿಲ್ಲ. ಮನೆ ನೋಡಲು ಬಂದವರ ಮುಂದೆ ಬಾಗಿಲಿಗೆ ಅಡ್ಡ ಕೂತೆ. ಕೊನೆಗೊಂದು ಬೆಳಿಗ್ಗೆ ಇವರು ಇಸ್ತ್ರಿ ಶರಟು ಹಾಕಿಕೊಂಡು, "ನಡಿಯತ್ತಗೆ, ನಿನ್ ಕಾಟ ತಡೆಯಕಾಗಕಿಲ್ಲ" ಅಂದರು.

ರಿಜಿಸ್ಟ್ರಾರ್ ಕಚೇರಿಯಲ್ಲಿ ಅಧಿಕಾರಿ ತಲೆ ಎತ್ತದೆ ಕೇಳಿದರು: "ಗಂಡ ಕೊಡ್ತಿರೋ ದಾನ ಒಪ್ಕೊಂಡಿದ್ದೀರಾ?"

ನಾನು ಕಟ್ಟಿದ ಮನೆಯನ್ನು ನನಗೇ ದಾನ ಕೊಡುತ್ತಿದ್ದರು. ನಾಲಿಗೆ ತುದಿಗೆ ಬಂದದ್ದನ್ನು ನುಂಗಿಕೊಂಡು, "ಹೂಂ ಸಾರ್" ಅಂದೆ.

ಹೊರಗೆ ಬಂದ ಮೇಲೆ ಇವರು, "ಈಗೇನ್ ಮಾಡನ? ಮಾರನಾ?" ಎಂದರು. ಮನೆಯ ವಿಷಯದಲ್ಲಿ ನನ್ನನ್ನು ಕೇಳಿದ್ದು ಅದೇ ಮೊದಲು.

"ಬ್ಯಾಡ" ಅಂದೆ.