ನಮ್ಮವರು ಬರದ ಅಂಗಡಿ

ಅಮೆರಿಕದ ಸೆಂಟರ್‌ವಿಲ್‌ನ ಒಂದು ಹೈಸ್ಕೂಲಿನಲ್ಲಿ ನಾನು ವಿಶೇಷ ಅಗತ್ಯವಿರುವ ಮಕ್ಕಳಿಗೆ ಪಾಠ ಹೇಳುತ್ತೇನೆ. ಪ್ರತಿ ವಿದ್ಯಾರ್ಥಿಗೂ ವರ್ಷಕ್ಕೊಮ್ಮೆ ಒಂದು ಸಭೆ ನಡೆಯಬೇಕು. ಅಪ್ಪ, ಅಮ್ಮ, ಶಿಕ್ಷಕರು, ಮನಶ್ಶಾಸ್ತ್ರಜ್ಞೆ ಎಲ್ಲರೂ ಮೇಜಿನ ಸುತ್ತ ಕುಳಿತು ಮಗುವಿನ ಬದುಕನ್ನು ಅಳೆಯಲು ಬರುವಂಥ ವಾಕ್ಯಗಳಿಗೆ ಇಳಿಸುತ್ತೇವೆ. ‘ನಗುತ್ತಾಳೆ’ ಎಂದು ಬರೆಯುವಂತಿಲ್ಲ. ‘ಐದು ಅವಕಾಶಗಳಲ್ಲಿ ನಾಲ್ಕು ಬಾರಿ ಸಂದರ್ಭಕ್ಕೆ ತಕ್ಕಂತೆ ನಗುತ್ತಾಳೆ’ ಎನ್ನಬೇಕು. ಈ ಪರೀಕ್ಷೆಯಲ್ಲಿ ನಮ್ಮ ಪ್ರಿನ್ಸಿಪಾಲರು ಪಾಸಾಗುವುದು ಅನುಮಾನ.

ಕೋವಿಡ್ ಮುಗಿದು ಶಾಲೆ ಸರಿಯಾಗಿ ತೆರೆದ ಮೇಲೆ ನನ್ನ ತರಗತಿಗೆ ಕನ್ನಡದ ಹುಡುಗಿಯೊಬ್ಬಳು ಬಂದಳು. ಹದಿನೇಳು ವರ್ಷ, ಕಲಿಕೆ ನಿಧಾನ, ಮಾತು ಚುಟುಕು. ಅವಳ ಸಭೆಗೆ ಬಂದ ತಂದೆ ನನ್ನನ್ನು ಕಂಡು ಬಿಳಿಚಿಕೊಂಡರು.

“ನೀವು ಕನ್ನಡದವ್ರಾ?”

“ಹೌದು, ಮೈಸೂರು.”

“ಕನ್ನಡ ಕೂಟಕ್ಕೆ ಬರ್ತೀರಾ?”

“ಇಲ್ಲ. ಜನ ಸೇರೋ ಕಡೆ ನಾನು ಹೋಗೋದು ಕಮ್ಮಿ.”

“ತುಂಬಾ ಒಳ್ಳೇದು ಮೇಡಂ,” ಎಂದು ಅವರು ಉಸಿರು ಬಿಟ್ಟರು. ನನ್ನ ಈ ಗುಣವನ್ನು ಹೊಗಳಿದ ಮೊದಲ ಮನುಷ್ಯ ಅವರೇ.

ಮಗಳು ವಿಶೇಷ ತರಗತಿಯಲ್ಲಿದ್ದಾಳೆ ಎನ್ನದೆ, ‘ಸ್ಮಾಲ್ ಗ್ರೂಪ್ ಪ್ರೋಗ್ರಾಂ’ನಲ್ಲಿದ್ದಾಳೆ ಎಂದು ಅವರು ಕೂಟದಲ್ಲಿ ಹೇಳಿಕೊಂಡಿದ್ದರಂತೆ. ಅದನ್ನು ಕೇಳಿದ ಆಂಟಿಯೊಬ್ಬರು ತಮ್ಮ ಮಗನಿಗೂ ಅಲ್ಲಿ ಸೀಟು ಸಿಗುವುದೇ ಎಂದು ವಿಚಾರಿಸಿದ್ದರಂತೆ.

ಅಂದಿನ ಪ್ರಶ್ನೆ, ಅವಳು ಮಧ್ಯಾಹ್ನದ ಹೊತ್ತು ಕೆಲಸ ಕಲಿಯಲು ಯಾವ ಅಂಗಡಿಗೆ ಹೋಗಬೇಕು ಎಂಬುದು. ಅವಳ ಉತ್ತರ ಸಿದ್ಧವಾಗಿತ್ತು.

“ಗ್ರೋಸರಿ ಸ್ಟೋರ್. ಅಲ್ಲಿ ಎಲ್ಲಾರೂ ಬರ್ತಾರೆ. ಐ ವಿಲ್ ಸೇ ಹಾಯ್.”

ಆ ‘ಎಲ್ಲಾರೂ’ ಎಂಬುದೇ ತಂದೆಯ ಭಯ. “ನಮ್ಮವ್ರೆಲ್ಲ ಹಾಲು ತಗೊಳೋದೇ ಅಲ್ಲಿ. ಇವಳು ಅವ್ರ ಬ್ಯಾಗ್ ತುಂಬ್ಸೋದಾ?” ಎಂದವರು ಲ್ಯಾಪ್‌ಟಾಪ್ ತೆರೆದು, ಮ್ಯಾಪ್ ಹರಡಿದರು.

“ಲೈಬ್ರರಿ?” ಎಂದೆ.

“ನಮ್ಮ ಆಂಟಿಯರ ಹೆಡ್ ಆಫೀಸ್ ಅದು.”

“ಔಷಧಿ ಅಂಗಡಿ?”

“ಅಯ್ಯೋ, ಕೂಟದ ಅಧ್ಯಕ್ಷರು ಬಿಪಿ ಮಾತ್ರೆ ತಗೊಳೋದು ಅಲ್ಲೇ!” ಎಂದರು ತಾಯಿ.

“ನಾಯಿ, ಬೆಕ್ಕಿನ ಸಾಮಾನಿನ ಅಂಗಡಿ?”

“ಕೋವಿಡ್ ಆದ್ಮೇಲೆ ಎಲ್ರೂ ಒಂದೊಂದು ನಾಯಿ ಸಾಕ್ಕೊಂಡಿದಾರೆ ಮೇಡಂ.”

ಕೊನೆಗೆ ತಂದೆಯ ಬೆರಳು ಅರ್ಧ ಗಂಟೆ ದೂರದ ಕೆರೆಯೊಂದರ ಪಕ್ಕ ನಿಂತಿತು. ಮೀನು ಹಿಡಿಯುವ ಸಾಮಾನಿನ ಅಂಗಡಿ. ಗಾಳ, ದಾರ, ಡಬ್ಬಿಯಲ್ಲಿ ಜೀವಂತ ಎರೆಹುಳು.

“ಪರ್ಫೆಕ್ಟ್! ನಮ್ಮವ್ರು ಸತ್ರೂ ಇಲ್ಲಿಗೆ ಕಾಲಿಡಲ್ಲ.”

ವಿದ್ಯಾರ್ಥಿಯ ಆಸಕ್ತಿಗಳ ಬಗ್ಗೆ ಕುಟುಂಬ ತೋರಿದ ಕಾಳಜಿ ಶ್ಲಾಘನೀಯ ಎಂದು ಕನ್ನಡ ಬಾರದ ಮನಶ್ಶಾಸ್ತ್ರಜ್ಞೆ ಬರೆದುಕೊಂಡರು. ಹುಡುಗಿ ಮೇಜನ್ನು ನೋಡುತ್ತ ಕೇಳಿದಳು: “ಅಲ್ಲಿ ನಾನು ಚೆನ್ನಾಗಿ ಮಾಡಿದ್ರೆ, ದೆನ್ ಗ್ರೋಸರಿ?”

“ನೆಕ್ಸ್ಟ್ ಮೀಟಿಂಗಲ್ಲಿ ಕೇಳೋಣ,” ಎಂದೆ. ಸಂಬಳ ತೆಗೆದುಕೊಳ್ಳುವವರು ಕೊಡುವ ಉತ್ತರ.

ಅವಳು ಚೆನ್ನಾಗಿಯೇ ಮಾಡಿದಳು. ತರಬೇತಿಗೆ ಜೊತೆಗಿರುತ್ತಿದ್ದ ನನಗಿಂತ ಬೇಗ ಎಲ್ಲ ಶೆಲ್ಫುಗಳನ್ನೂ ಕಲಿತಳು. ಗಿರಾಕಿಗಳು ಮಾತ್ರ ಮೀನಿನೊಂದಿಗೆ ಹೆಚ್ಚು ಒಡನಾಟವಿದ್ದ ಗಡ್ಡದ ಗಂಡಸರು. ಅವಳು ಹಾಯ್ ಅಂದರೆ ಕತ್ತು ಅಲ್ಲಾಡಿಸುತ್ತಿದ್ದರು, ಅಷ್ಟೇ.

ಒಂದು ದಿನ ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡ ಒಬ್ಬರು ಕೌಂಟರಿಗೆ ಬಂದರು.

“ಪ್ರೆಸಿಡೆಂಟ್ ಅಂಕಲ್!” ಎಂದು ಅವಳು ಕೂಗಿದಳು. ಕೂಟದ ಅಧ್ಯಕ್ಷರು! ಯುಗಾದಿ ಊಟದ ಸಾರಿಗೆ ಈರುಳ್ಳಿ ಬೀಳಬಾರದೆಂದು ಹಟ ಹಿಡಿದವರೆಂದು ಹುಡುಗಿಯ ತಾಯಿಯಿಂದ ಕೇಳಿದ್ದೆ. ಕೈಯಲ್ಲಿ ಎರೆಹುಳುವಿನ ಡಬ್ಬಿ.

“ಇದು… ಗಾರ್ಡನ್‌ಗೆ ಕಣಮ್ಮ,” ಎಂದರು. ಇನ್ನೊಂದು ಕೈಯಲ್ಲಿ ಗಾಳವಿತ್ತು.

“ಡಿಡ್ ಯು ಫೈಂಡ್ ಎವ್ರಿಥಿಂಗ್, ಅಂಕಲ್?” ಎಂದು ಅವಳು ಕಲಿತಂತೆ ಕೇಳಿ ಡಬ್ಬಿಯನ್ನು ಚೀಲಕ್ಕೆ ಹಾಕಿದಳು.

“ಎಲ್ಲಾ ಸಿಕ್ತು ಪುಟ್ಟಿ, ಥ್ಯಾಂಕ್ಯೂ.” ಆಮೇಲೆ ನನ್ನ ಕಡೆ ತಿರುಗಿ, “ನೀವು ಕೂಟಕ್ಕೆ ಬರ್ತೀರಾ?”

“ಇಲ್ಲ.”

“ತುಂಬಾ ಒಳ್ಳೇದು.”

ಮುಂದಿನ ಸಭೆಯಲ್ಲಿ ತಂದೆ ಲ್ಯಾಪ್‌ಟಾಪ್ ತೆರೆಯುತ್ತಲೇ ಕೇಳಿದರು. “ನಮ್ಮವ್ರು ಯಾರೂ ಬಂದಿಲ್ಲ ತಾನೆ?”

ನಾನು ಅಳೆದು ತೂಗಿದ ವಾಕ್ಯವೊಂದನ್ನು ಹುಡುಕುತ್ತಿದ್ದೆ. ಹುಡುಗಿಗೆ ಅದರ ಅಗತ್ಯವಿರಲಿಲ್ಲ.

“ಪ್ರೆಸಿಡೆಂಟ್ ಅಂಕಲ್ ಬರ್ತಾರೆ. ಎವ್ರಿ ವೀಕ್. ಹುಳ ತಗೊಳ್ತಾರೆ.”

“ಹುಳಾನಾ?” ತಾಯಿ ಬಾಯಿಗೆ ಕೈ ಅಡ್ಡ ಹಿಡಿದರು. ತಂದೆ ಲ್ಯಾಪ್‌ಟಾಪ್ ಮುಚ್ಚಿ, ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನಗು ನಿಂತ ಮೇಲೆ ಮೆಲ್ಲಗೆ ಕೇಳಿದರು: “ನಿನ್ನ ನೋಡಿ ಏನಂದ್ರು ಪುಟ್ಟಿ?”

“ಥ್ಯಾಂಕ್ಯೂ ಅಂದ್ರು.”

ಅವರು ಮುಚ್ಚಿದ ಲ್ಯಾಪ್‌ಟಾಪನ್ನು ಚೀಲಕ್ಕೆ ಸೇರಿಸಿದರು. “ಮೇಡಂ, ಆ ಗ್ರೋಸರಿ ಸ್ಟೋರ್‌ನವ್ರು ಇನ್ನೂ ಮಕ್ಕಳನ್ನ ತಗೋತಿದಾರಾ?”

ಈಗ ಅವಳು ಅಲ್ಲೇ ಇದ್ದಾಳೆ. ಮೊದಲ ವಾರವೇ ಅಧ್ಯಕ್ಷರು ಬಂದರು. ಅವಳನ್ನು ಕಂಡವರೇ ಹೋಗಿ ಬೇರೊಂದು ಉದ್ದನೆಯ ಸಾಲಿನಲ್ಲಿ ನಿಂತರು.

“ಅಂಕಲ್, ಇಲ್ಲಿ ಬನ್ನಿ! ನೋ ಲೈನ್!”

ಬಂದರು, ಬೇರೆ ದಾರಿಯಿರಲಿಲ್ಲ. ಹಿಂದೆಯೇ ಇಬ್ಬರು ಆಂಟಿಯರೂ ಬಂದು ನಿಂತರು. ಹುಡುಗಿ ಮೊಸರನ್ನು ಕೆಳಗಿಟ್ಟು, ಪಾಲಕ್ ಸೊಪ್ಪು ನಲುಗದಂತೆ ಮೇಲಿಟ್ಟು, ಚೀಲ ಕೊಡುತ್ತ ತುಂಬ ಮರ್ಯಾದೆಯಿಂದ ಕೇಳಿದಳು:

“ಇವತ್ತು ಹುಳ ಬೇಡ್ವಾ, ಅಂಕಲ್?”